ಬಾಯಿ ತುಂಬ ಗುಂಡುಸೂಜಿ

ಶಾಲೆಗಳು ಶುರುವಾದ ಮೇಲೆ ಸಮವಸ್ತ್ರ ಹೊಲಿಯುವವರ ಅಂಗಡಿಯಲ್ಲಿ ನೊಣ ಹೊಡೆಯುವುದೇ ಕೆಲಸ. ಮೊನ್ನೆಮೊನ್ನೆಯವರೆಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲದೆ ದುಡಿದ ಅಕ್ಕತಂಗಿಯರಿಬ್ಬರು ಈಗ ಬೀದಿ ನೋಡುತ್ತ ಕೂತಿದ್ದರು. ಅಕ್ಕನದು ಕತ್ತರಿ, ತಂಗಿಯದು ಹೊಲಿಗೆ ಮಿಷನ್ನು. ಅಳತೆ ನೋಡುವಾಗ ಬಟ್ಟೆಗೆ ಚುಚ್ಚಲು ತಂಗಿ ತುಟಿಗಳ ನಡುವೆ ಗುಂಡುಸೂಜಿ ಸಾಲಾಗಿ ಕಚ್ಚಿಕೊಳ್ಳುವವಳು. ಹಾಗಾಗಿ ಬೀದಿಗೆಲ್ಲ ಅವಳು ಗುಂಡುಸೂಜಿಯೇ. ಸ್ವಂತ ಹೆಸರು ಹಿಡಿದು ಕರೆದರೆ ಅವಳು ತಿರುಗುತ್ತಿದ್ದಳೋ ಇಲ್ಲವೋ.

ಕೋಟಿಗೆ ಗುಂಡಿ ಹಾಕಿಸಲು ಬಂದ ಡಾಕ್ಟರಮ್ಮನ ಮುಂದೆ ಗುಂಡುಸೂಜಿ ತನ್ನ ಗೋಳು ತೋಡಿಕೊಂಡಳು. ನಿದ್ದೆ ಬರುತ್ತಿಲ್ಲ, ಎದೆ ಭಾರ, ಸುಮ್ಮಸುಮ್ಮನೆ ಸಿಡುಕು.

"ಈಗ ಹೇಗೂ ಸೀಸನ್ ಮುಗೀತಲ್ಲ," ಎಂದರು ಡಾಕ್ಟರಮ್ಮ. "ಮಿಷನ್ ಬಿಚ್ಚಿ ಎಣ್ಣೆ ಹಾಕ್ತಿದ್ದೀರಿ. ಮನಸ್ಸಿಗೂ ಅಷ್ಟು ಮಾಡ್ಕೊಳ್ಳಿ. ದಿನಾ ಸ್ವಲ್ಪ ಹೊತ್ತು ಕೈ ಖಾಲಿ ಬಿಟ್ಟು ಕೂತ್ಕೊಳ್ಳಿ. ಏನು ನೆನಪಾದ್ರೂ ಓಡಿಸ್ಬೇಡಿ, ಬರ್ಲಿ."

"ಕೈ ಖಾಲಿ ಬಿಟ್ಟು ಕೂರೋದು ನನಗೆ ಬರೋ ವಿದ್ಯೆನೇ ಅಲ್ಲ ಡಾಕ್ಟರಮ್ಮ."

"ಕಲೀರಿ. ಹೊಲಿಗೆ ಏನು ಹುಟ್ತಾನೇ ಬಂದಿತ್ತಾ?"

ಗುಂಡುಸೂಜಿ ಕಲಿಯಲು ಕೂತಳು. ಮೊದಮೊದಲು ಪಾಪಿ ಕೈಗಳು ಮಾತು ಕೇಳಲಿಲ್ಲ. ಒಂದು ಕೈ ಚಾಪೆಯ ಮೇಲಿನ ನೂಲು ಹೆಕ್ಕಿತು, ಇನ್ನೊಂದು ಅಳತೆಪಟ್ಟಿಯನ್ನು ಸುತ್ತಿ ಬಿಚ್ಚಿ ಮತ್ತೆ ಸುತ್ತಿತು. ಕೊನೆಗೆ ಎರಡನ್ನೂ ತೊಡೆಯ ಕೆಳಗೆ ಇಟ್ಟು ಅವುಗಳ ಮೇಲೆ ತಾನೇ ಕೂತಳು. ಬರಬರುತ್ತ ಅದು ಹಿತವಾಯಿತು. ಕಿಟಕಿಯಿಂದ ಬಿಸಿಲು ನೆಲಕ್ಕಿಳಿದು ಮಿಷನ್ನಿನ ಕಾಲಿನವರೆಗೆ ಬರುವುದನ್ನು ಇಷ್ಟು ವರ್ಷದಲ್ಲಿ ಅವಳು ನೋಡಿಯೇ ಇರಲಿಲ್ಲ. ಚಹಾ ಬಿಸಿಯಿರುವಾಗಲೇ ಕುಡಿದರೆ ಬೇರೆಯೇ ರುಚಿ ಎಂಬುದೂ ಈಗಲೇ ಗೊತ್ತಾದದ್ದು.

ಮನಸ್ಸು ತಿಳಿಯಾದ ಹಾಗೆ ಕಣ್ಣಿಗೆ ಬಿದ್ದವಳು ಅಕ್ಕ. ಅವಳದು ಅರಳು ಹುರಿದಂತೆ ಮಾತಾಡುವ ಬಾಯಿ. ಆದರೆ ಎಷ್ಟು ದಿನದಿಂದ ಅದರಿಂದ ಅಳತೆ ಬಿಟ್ಟು ಬೇರೆ ಮಾತೇ ಹೊರಟಿಲ್ಲ! ಒಂದೇ ಡಬ್ಬಿಯಲ್ಲಿ ಉಣ್ಣುತ್ತಿದ್ದವಳು ಬೇರೆ ಡಬ್ಬಿ ತಂದು ಹಿಂದಿನ ಬಾಗಿಲ ಬಳಿ ಒಬ್ಬಳೇ ಉಣ್ಣುತ್ತಾಳೆ. ಸೀಸನ್ನಿನ ಗಡಿಬಿಡಿಯಲ್ಲಿ ತಂಗಿ ಇದನ್ನು ಗಮನಿಸಿಯೇ ಇರಲಿಲ್ಲ.

ಅಷ್ಟರಲ್ಲಿ ಬಟ್ಟೆ ಅಂಗಡಿಯ ಸಾಹುಕಾರರು ಬಾಗಿಲಲ್ಲಿ ತಲೆ ಹಾಕಿದರು. ಅಕ್ಕ ಆಗ ದಾರ ತರಲು ಹೋಗಿದ್ದಳು.

"ನಿಮ್ಮಕ್ಕ ಬರೋ ತಿಂಗಳಿಂದ ನಮ್ಮಲ್ಲಿ ಬಟ್ಟೆ ತೋರ್ಸೋಕೆ ಬರ್ತೀನಿ ಅಂದ್ರು. ನಿಮ್ಗೇನೂ ಬೇಜಾರಿಲ್ಲ ತಾನೆ?"

ಗುಂಡುಸೂಜಿಗೆ ಇದು ಹೊಸ ಸುದ್ದಿ. "ನಾಳೆ ಹೇಳ್ತೀನಿ" ಎಂದು ಅವರನ್ನು ಸಾಗಹಾಕಿದಳು. ಹಿಂದೆಯಾಗಿದ್ದರೆ ಮಿಷನ್ ತುಳಿದು ತುಳಿದು ಸಿಟ್ಟನ್ನು ಇಳಿಸುತ್ತಿದ್ದಳು. ಇಂದು ಕೈ ಖಾಲಿ ಬಿಟ್ಟು ಕೂತಳು. ಕೂತು ನೋಡಿದರೆ ಒಳಗಿದ್ದದ್ದು ಸಿಟ್ಟಲ್ಲ, ಹೆದರಿಕೆ. ಅಕ್ಕನಿಲ್ಲದ ಅಂಗಡಿ ಅವಳಿಗೆ ಬೇಡವಾಗಿತ್ತು.

ಅಕ್ಕ ಬಂದು ದಾರದ ಪೊಟ್ಟಣ ಇಡುವ ಮೊದಲೇ ತಂಗಿ ಕೇಳಿದಳು. "ನನ್ನ ಬಿಟ್ಟು ಹೋಗ್ತೀಯಾ?"

"ನಿನಗೇ ಬೇಡದಿದ್ದ ಮೇಲೆ ಇದ್ದು ಏನ್ಮಾಡ್ಲಿ?"

"ನಾನ್ಯಾವಾಗ ಬೇಡ ಅಂದೆ?"

"ಆ ತೋಳುಗಳ ದಿನ."

ಸೀಸನ್ನಿನ ಉರಿಯಲ್ಲಿ ಒಂದು ದಿನ ಅಕ್ಕ ಬಟ್ಟೆಯ ಮಡಿಕೆ ತಪ್ಪಿಸಿ ಇಡೀ ಒಂದು ರಾಶಿ ಅಂಗಿತೋಳುಗಳನ್ನು ಎಡಗೈಯವೇ ಆಗುವಂತೆ ಕತ್ತರಿಸಿಟ್ಟಿದ್ದಳು. ತಂಗಿ ಅದನ್ನು ನೋಡಿ ಬೈಯದೆ ಬೇರೆ ಬಟ್ಟೆ ತರಿಸಿದ್ದಳು.

"ನನ್ನ ಮೇಲೆ ಕೋಪಾನಾ ಅಂತ ಕೇಳ್ದೆ. ನೀನು ಹೂಂ ಅಂದೆ."

"ಅಯ್ಯೋ, ನಾನು ಊಹೂಂ ಅಂದೆ! ಬಾಯಲ್ಲಿ ಸೂಜಿ ಇತ್ತಲ್ಲ."

"ಹೂಂ ಅಂದೆ. ನನಗೇನು ಕಿವಿ ಇಲ್ವಾ?"

"ಕೋಪ ಇದ್ರೆ ನಾನು ಸುಮ್ನಿರೋಳಾ? ಬೀದಿ ಒಂದು ಮಾಡ್ತಿರ್ಲಿಲ್ವಾ?"

ಅದು ಅಕ್ಕನಿಗೂ ನಿಜವೆನ್ನಿಸಿತು. ಆದರೂ ಬಿಡಲಿಲ್ಲ. "ಹಾಗಾದ್ರೆ ಸೂಜಿ ಕಚ್ಚಿಕೊಂಡು ಎರಡನ್ನೂ ಹೇಳಿ ತೋರ್ಸು."

ಗುಂಡುಸೂಜಿ ತುಟಿಗೆ ಸೂಜಿ ಸೇರಿಸಿ ಒಮ್ಮೆ ಹೂಂ ಎಂದಳು, ಒಮ್ಮೆ ಊಹೂಂ ಎಂದಳು. ಸೂಜಿ ಬೀಳಬಾರದೆಂದು ತಲೆಯನ್ನೂ ಅಲ್ಲಾಡಿಸುವಂತಿರಲಿಲ್ಲ. ಎರಡೂ ಒಂದೇ ಥರ, ಕರುವೊಂದು ಮೂಗಿನಲ್ಲಿ ನರಳಿದ ಹಾಗೆ ಕೇಳಿಸಿದವು.

"ಈಗ ಅಂದದ್ದು ಯಾವುದು?"

"ಊಂಂ."

ಅಕ್ಕನಿಗೆ ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕಳು, ನಗುನಗುತ್ತಲೇ ಅವಳ ಕಣ್ಣು ತುಂಬಿತು. ತಂಗಿಯ ಬಾಯಿ ಮುಂದೆ ಅಂಗೈ ಚಾಚಿ, "ಉಗುಳು ಮೊದ್ಲು" ಎಂದಳು. ತಂಗಿ ಸೂಜಿಗಳನ್ನು ಅಕ್ಕನ ಅಂಗೈಗೆ ಹಾಕಿದಳು.

"ಈಗ ಹೇಳು. ನನ್ನ ಮೇಲೆ ಕೋಪಾನಾ?"

ಬಾಯಲ್ಲಿ ಒಂದು ಸೂಜಿಯೂ ಇರಲಿಲ್ಲ. ಆದರೂ ಮೊದಲಿನ ಅದೇ ಸದ್ದು ಹೊರಟಿತು.

"ಬಾಯಿಬಿಟ್ಟು ಹೇಳೇ."

"ಇಲ್ಲ ಅಕ್ಕ. ಆವತ್ತೂ ಇರ್ಲಿಲ್ಲ."

ಅಂದು ಒಂದೇ ಡಬ್ಬಿಯಲ್ಲಿ ಉಂಡರು. ಎರಡನೇ ಡಬ್ಬಿಗೆ ಗುಂಡಿಗಳು ಬಂದು ಸೇರಿದವು. ಊಟವಾದ ಮೇಲೆ ಅಕ್ಕ ಮೂಲೆಯಲ್ಲಿದ್ದ ಎಡತೋಳುಗಳಲ್ಲಿ ಒಂದನ್ನು ಎಳೆದು, ಒಳಗೆ ಹತ್ತಿ ತುಂಬಿ, ಸೂಜಿ ಚುಚ್ಚಿಡಲು ಪುಟ್ಟ ದಿಂಬು ಹೊಲಿದಳು. ಅದನ್ನು ತಂಗಿಯ ಮಣಿಕಟ್ಟಿಗೆ ಕಟ್ಟಿ, "ಇನ್ಮೇಲೆ ಸೂಜಿ ಇಲ್ಲಿ. ಬಾಯಿ ನನಗೆ" ಎಂದಳು. ಆ ರಾತ್ರಿ ಗುಂಡುಸೂಜಿಗೆ ಕಣ್ತುಂಬ ನಿದ್ದೆ.

ಮರುದಿನ ಸಾಹುಕಾರರು ಒಬ್ಬ ಹುಡುಗಿಯ ಲಂಗದ ಅಂಚು ಹಿಡಿಯುತ್ತಿದ್ದ ಗುಂಡುಸೂಜಿಯನ್ನು ಹೊರಗಿನಿಂದಲೇ ಕೂಗಿ ಕೇಳಿದರು. "ಏನಮ್ಮ, ಅಕ್ಕನ್ನ ಕಳಿಸ್ತೀರಲ್ಲ?"

ಅವಳು ತಲೆಯೆತ್ತಿ, ಇಡೀ ಬೀದಿಗೆ ಕೇಳುವಂತೆ ಹೇಳಿದಳು. "ಇಲ್ಲ ಸ್ವಾಮಿ. ಅವಳು ನನಗೆ ಬೇಕು."

ಒಳಗೆ ಮೇಜಿನ ಮೇಲೆ ಹೊಸ ಬಟ್ಟೆ ಹಾಸಿದ್ದ ಅಕ್ಕ ಮಡಿಕೆಯನ್ನು ಇನ್ನೊಮ್ಮೆ ನೋಡಿಕೊಂಡು ಕತ್ತರಿ ಎತ್ತಿದಳು.