ಹನ್ನೆರಡರ ಗೆರೆ

ಬಿಳಿ ಕೋಟಿನ ಕೊನೆಯ ಗುಂಡಿ ಹಾಕಿಕೊಳ್ಳುವಷ್ಟರಲ್ಲಿ ಪ್ರತಿಭಾ ಮೇಡಂ ಬಾಗಿಲಿಗೆ ಬಂದು, "ಜೀಪು ಬಂತು. ಬೇಗ ಹೋಗಿ ಕೂತ್ಕೋ ಜಹನಾರಾ," ಎಂದರು. ಅಂದವರೇ ನಾಲಿಗೆ ಕಚ್ಚಿಕೊಂಡರು. "ಅಲ್ಲ, ಗುಲ್ಷನ್. ಇವತ್ತು ನೀನು ಗುಲ್ಷನ್. ಹೆಸರು ಕೇಳಿದ್ರೆ ಅಷ್ಟೇ ಹೇಳು. ಬೇರೆ ಮಾತು ಬೇಡ."

ಮಾತಾಡುವ ರೂಢಿ ಜಹನಾರಾಳಿಗೆ ಮೊದಲೇ ಇರಲಿಲ್ಲ. ಸರ್ಕಾರಿ ಕಾಲೇಜಿನ ಹಿಂಬದಿಯ ಎರಡು ಕೋಣೆಗಳ ಲ್ಯಾಬ್ ವಿಭಾಗದಲ್ಲಿ ಅವಳು ಎರಡು ವರ್ಷದಿಂದ ದಿನಗೂಲಿಯ ಆಯಾ. ಎಸೆಸೆಲ್ಸಿ ಮುಗಿಸಿದ ಹುಡುಗಿಯರಿಗೆ ಅಲ್ಲಿ ರಕ್ತ, ಮೂತ್ರ ಪರೀಕ್ಷೆ ಮಾಡುವುದನ್ನು ಕಲಿಸುತ್ತಿದ್ದರು. ಕಲಿತವರಿಗೆ ಶಿವಾಜಿನಗರ, ಬಾಣಸವಾಡಿ ಕಡೆಯ ಕ್ಲಿನಿಕ್ಕುಗಳಲ್ಲಿ ಕೆಲಸ ಸಿಗುತ್ತಿತ್ತು. ಜಹನಾರಾ ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಅವಳ ಪಾಲಿಗೆ ಬಂದದ್ದು ಕಸ ಗುಡಿಸುವುದು, ಗಾಜಿನ ಕೊಳವೆ ತೊಳೆಯುವುದು, ಆಮೇಲೆ ಬಾಗಿಲ ಬಳಿ ನಿಂತು ಮೇಡಂ ಹೇಳುವುದನ್ನು ಕೇಳುವುದು. ನಿಲ್ಲು ಎಂದು ಯಾರೂ ಹೇಳಿರಲಿಲ್ಲ. ಹೋಗು ಎಂದೂ ಹೇಳಿರಲಿಲ್ಲ.

ವಿಭಾಗ ಉಳಿಯಬೇಕಾದರೆ ಹದಿನೈದು ಹುಡುಗಿಯರಾದರೂ ಇರಬೇಕೆಂಬ ನಿಯಮವಿತ್ತು. ಹಾಜರಿ ಪುಸ್ತಕದಲ್ಲಿ ಹದಿನೈದು ಹೆಸರು ಇದ್ದವು, ಆದರೆ ಗುಲ್ಷನ್ ಎಂಬ ಹುಡುಗಿ ರಂಜಾನ್ ಹಬ್ಬ ಮುಗಿದ ಮೇಲೆ ಮದುವೆಯಾಗಿ ಕೆ.ಆರ್. ಪುರಕ್ಕೆ ಹೋದವಳು ಮತ್ತೆ ಬಂದಿರಲಿಲ್ಲ. ಅವಳ ಕೋಟು ಬೀರುವಿನಲ್ಲೇ ಉಳಿದಿತ್ತು. ಇವತ್ತು ಇಲಾಖೆಯ ಸಾಹೇಬರು ನೋಡಿ ಹೋಗಿ ಬೇಡವೆಂದು ಬರೆದರೆ ಮುಂದಿನ ತಿಂಗಳಿಂದ ಈ ಕೋಣೆಗಳಿಗೆ ಬೀಗ ಬೀಳುತ್ತದೆ, ಹುಡುಗಿಯರ ಎರಡನೇ ವರ್ಷ ಅರ್ಧಕ್ಕೇ ನಿಲ್ಲುತ್ತದೆ ಎಂದು ಮೇಡಂ ವಾರದಿಂದ ಹೇಳುತ್ತಲೇ ಇದ್ದರು. ಹುಡುಗಿಯರು ಮನೆಗೆ ಹೋದರೆ ತನ್ನ ಗತಿ ಏನೆಂಬುದನ್ನು ಜಹನಾರಾಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಹಿಂದಿನ ಬೆಂಚಿನಲ್ಲಿ ರಿಮ್ಶಾ ಸರಿದು ಜಾಗ ಕೊಟ್ಟಳು. ಹಲಸೂರಿನಲ್ಲಿ ಜಹನಾರಾಳ ಮನೆಯ ಹಿಂದಿನ ಗಲ್ಲಿಯವಳು, ಬಾಯಿ ಜೋರು. "ಅರೇ, ಡಾಕ್ಟ್ರಮ್ಮ ಬಂದ್ರು," ಎಂದು ಪಿಸುಗುಟ್ಟಿದಳು. "ಗುಲ್ಷನ್ನ ಗಂಡ ಬಂದು ಕರೆದ್ರೆ ನೀನೇ ಹೋಗ್ಬೇಕು, ನೋಡ್ಕೋ."

"ಸುಮ್ನಿರೇ," ಎಂದಳು ಜಹನಾರಾ. ಕೋಟು ಭುಜಕ್ಕೆ ಬಿಗಿಯಾಗುತ್ತಿತ್ತು.

ಸಾಹೇಬರ ಹೆಸರು ಗುರುಶಾಂತಪ್ಪ. ಗದಗಿನ ಕಡೆಯ ಮಾತು, ಕಂಕುಳಲ್ಲಿ ಫೈಲು. ಒಳಗೆ ಬಂದವರು ಮೊದಲು ತಲೆ ಎಣಿಸಿದರು, ಮೈಕ್ರೋಸ್ಕೋಪಿನೊಳಗೆ ಒಂದು ಕಣ್ಣಿಟ್ಟು ನೋಡಿದರು, ನಲ್ಲಿ ತಿರುಗಿಸಿದರು. ನೀರು ಬಂತು. ಬೆಳಿಗ್ಗೆ ಜಹನಾರಾಳೇ ಹತ್ತು ಬಿಂದಿಗೆ ಹೊತ್ತು ಮೇಲಿನ ಡ್ರಮ್ಮು ತುಂಬಿಸಿದ್ದಳು. ಆಮೇಲೆ ಅವರು ಹಾಜರಿ ಪುಸ್ತಕ ತೆಗೆದು ಪೆನ್ಸಿಲನ್ನು ಹೆಸರುಗಳ ಮೇಲೆ ಜಾರಿಸುತ್ತ ಹೋದರು.

"ಗುಲ್ಷನ್ ಅಂದ್ರ ಯಾರವಾ?"

ಮೇಡಂ ಮುಖ ಬಿಳಿಚಿಕೊಂಡಿತು. ಜಹನಾರಾ ಎದ್ದು ನಿಂತಳು.

"ಹಿಮೋಗ್ಲೋಬಿನ್ ಮಾಡಿ ತೋರ್ಸು ನೋಡೂಣು. ರಕ್ತ ಈ ಬಾಜೂದಾಕಿದು ತಗೋ."

"ಸರ್, ನನ್ನತ್ರ ಇದ್ರೆ ತಾನೆ ತಗೊಳ್ಳೋದು," ಎಂದಳು ರಿಮ್ಶಾ. ಹುಡುಗಿಯರು ನಕ್ಕರು. ಸಾಹೇಬರೂ ನಕ್ಕರು.

ಕೊಳವೆಯ ಕೆಳಗಿನ ಗೆರೆಯವರೆಗೆ ಜಹನಾರಾ ಆ್ಯಸಿಡ್ ಹಾಕಿದಳು. ರಿಮ್ಶಾಳ ಉಂಗುರ ಬೆರಳನ್ನು ಸ್ಪಿರಿಟ್ಟಿನ ಹತ್ತಿಯಿಂದ ಒರೆಸಿ ಸೂಜಿ ಚುಚ್ಚಿದಳು. ಮೊದಲ ಹನಿಯನ್ನು ಒರೆಸಿ ಬಿಟ್ಟು, ಎರಡನೆಯದನ್ನು ಪೈಪೆಟ್ಟಿಗೆ ಎಳೆದುಕೊಂಡು, ಗುಳ್ಳೆ ಏಳದಂತೆ ಆ್ಯಸಿಡ್ಡಿನೊಳಗೆ ಬಿಟ್ಟಳು. ಕೆಂಪು ಕಂದಾಗಲು ಹತ್ತು ನಿಮಿಷ ಬೇಕು. ಅಷ್ಟು ಹೊತ್ತೂ ಕೊಳವೆಯನ್ನೇ ನೋಡುತ್ತ ನಿಂತಳು. ಆಮೇಲೆ ಅದನ್ನು ಕಂದು ಗಾಜಿನ ಪಟ್ಟಿಗಳ ನಡುವೆ ನಿಲ್ಲಿಸಿ, ಕಿಟಕಿಯ ಬೆಳಕಿಗೆ ಹಿಡಿದು, ಒಂದೊಂದೇ ಹನಿ ನೀರು ಹಾಕುತ್ತ ಕಡ್ಡಿಯಿಂದ ಕಲಕಿದಳು. ಕೊಳವೆಯ ಬಣ್ಣವೂ ಪಕ್ಕದ ಗಾಜಿನ ಬಣ್ಣವೂ ಒಂದಾದ ಕ್ಷಣ ನಿಲ್ಲಿಸಬೇಕು, ಅದರ ಮೇಲೆ ಒಂದು ಹನಿಯೂ ಬೀಳಬಾರದು ಎಂದು ಮೇಡಂ ಹೇಳಿದ್ದನ್ನು ಬಾಗಿಲ ಬಳಿ ನಿಂತು ಎರಡು ಸಲ ಕೇಳಿದ್ದಳು. ಬಣ್ಣ ಒಂದಾಯಿತು. ನಿಲ್ಲಿಸಿದಳು.

ನೀರು ನಿಂತ ಗೆರೆಯ ಅಂಕಿ ಓದಿ, "ಏಳು," ಎಂದಳು.

ಹುಡುಗಿಯರೆಲ್ಲ ಮೇಡಂ ಮುಖ ನೋಡಿದರು. ತಾನು ಎಲ್ಲಿ ತಪ್ಪಿದೆನೆಂದು ಜಹನಾರಾಳಿಗೆ ತಿಳಿಯಲಿಲ್ಲ. ಹಿಂದಿನ ಬ್ಯಾಚಿನ ಹುಡುಗಿಯರು ತಮಗೆ ಬಂದ ಎಂಟು, ಒಂಬತ್ತನ್ನೇ ಪರೀಕ್ಷೆಯಲ್ಲಿ ಬರೆದು, ಕೈಕೆಲಸ ಸರಿಯಿಲ್ಲವೆಂದು ಅಂಕ ಕಳೆದುಕೊಂಡಿದ್ದರು. ಅಂದಿನಿಂದ ಮೇಡಂ ಎಲ್ಲರ ರೆಕಾರ್ಡ್ ಪುಸ್ತಕದಲ್ಲೂ, ಆರೋಗ್ಯವಂತ ಹೆಣ್ಣಿಗೆ ಇರಬೇಕಾದ ಹನ್ನೆರಡರ ಆಸುಪಾಸೇ ಬರೆಸುತ್ತಿದ್ದರು. ಆಯಾಗೆ ರೆಕಾರ್ಡ್ ಪುಸ್ತಕ ಇರುವುದಿಲ್ಲ.

ಗುರುಶಾಂತಪ್ಪ ಮೇಜಿನ ಮೇಲಿದ್ದ ಪುಸ್ತಕಗಳನ್ನು ಒಂದೊಂದಾಗಿ ತಿರುವಿದರು. "ಹನ್ನೆರಡು. ಹನ್ನೆರಡೂವರಿ. ಹನ್ನೆರಡು," ಎಂದು ಓದುತ್ತ ರಿಮ್ಶಾಳ ಪುಸ್ತಕಕ್ಕೆ ಬಂದರು. "ಹೋದ ತಿಂಗಳು ಈಕಿದು ಹನ್ನೆರಡೂವರಿ. ಇವತ್ತ ಏಳು. ಹೆಂಗ್ರೀ ಮೇಡಂ?"

"ಸರ್, ಹುಡುಗಿ ಹೆದ್ರಿದಾಳೆ. ಎಲ್ಲೋ ಹೆಚ್ಚು ಕಮ್ಮಿ ಆಗಿದೆ."

"ಆಗ್ಲಿ ಬಿಡ್ರಿ. ನಂಗ ಒಂದು ಹೇಳ್ರಿ. ಒಂದೋ ಈ ಹುಡುಗಿಗೆ ಕೆಲಸ ಬರೂದಿಲ್ಲ, ಇಲ್ಲಾಂದ್ರ ಈ ಹದಿನೈದು ಪುಸ್ತಕಾನೂ ಸುಳ್ಳು. ಪುಸ್ತಕ ಸುಳ್ಳಂದ್ರ ಮುಚ್ಚಾಕ ಬರೀಬೇಕಾಗ್ತದ. ನಾ ಬ್ಯಾಡ ಅಂದ್ರೂ ಮ್ಯಾಲಿನವ್ರು ಬಿಡೂದಿಲ್ಲ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಊಟದ ಹೊತ್ತಾಗಿದೆ ಎಂಬಂತೆ ಗಡಿಯಾರ ನೋಡಿಕೊಂಡು ಜಹನಾರಾಳ ಕಡೆ ತಿರುಗಿದರು. "ನೀನ ಹೇಳು ತಂಗಿ. ಖರೇನ ಏಳಾ?"

ಹದಿನಾಲ್ಕು ಜೊತೆ ಕಣ್ಣು ಅವಳ ಮೇಲಿದ್ದವು. ಮೇಡಂ ಕಣ್ಣು ಮಾತ್ರ ನೆಲದ ಮೇಲಿತ್ತು. ರಿಮ್ಶಾ ಚುಚ್ಚಿಸಿಕೊಂಡ ಬೆರಳನ್ನು ಬಾಯಲ್ಲಿಟ್ಟುಕೊಂಡು, ಹೇಳೇ, ತಪ್ಪಾಯ್ತು ಅಂತ ಹೇಳೇ ಎಂಬಂತೆ ಹುಬ್ಬು ಹಾರಿಸಿದಳು. ಅವಳ ಕೆಳರೆಪ್ಪೆಯ ಒಳಗಿನ ಅಂಚು ರಕ್ತವೇ ಇಲ್ಲದಂತೆ ಸುಣ್ಣದ ಹಾಗಿದ್ದುದನ್ನು ಜಹನಾರಾ ಆಗ ಕಂಡಳು. ಒಂದೇ ಬೆಂಚಿನಲ್ಲಿ ಇಷ್ಟು ಹತ್ತಿರ ಅವಳು ಎಂದೂ ಕೂತಿರಲಿಲ್ಲ.

"ನಂದೇ ತಪ್ಪು ಸರ್. ನೀರು ಕಮ್ಮಿ ಹಾಕ್ಬಿಟ್ಟೆ."

"ಹಂಗಾರ ಹಾಕು."

ಅವಳು ಹಾಕಿದಳು. ಎಂಟಕ್ಕೆ ಬಣ್ಣ ಗಾಜಿನ ಪಟ್ಟಿಗಿಂತ ತಿಳಿಯಾಯಿತು. ಹತ್ತಕ್ಕೆ, ಯಾರೋ ಕುಡಿದು ಬಿಟ್ಟ ಚಹಾಕ್ಕೆ ನೀರು ಬೆರೆಸಿದ ಹಾಗಾಯಿತು. ಹನ್ನೊಂದಕ್ಕೆ ಕೊಳವೆಯ ಆಚೆಗಿನ ಕಿಟಕಿಯ ಸರಳುಗಳು ಕಾಣತೊಡಗಿದವು. ಹನ್ನೆರಡರ ಗೆರೆ ಮುಟ್ಟಿದ ಮೇಲೆ ಅವಳು ಕೊಳವೆಯನ್ನು ಮುಂದಕ್ಕೆ ಹಿಡಿದಳು. ಗುರುಶಾಂತಪ್ಪ ಕನ್ನಡಕ ಏರಿಸಿ ಗೆರೆಯನ್ನು ನೋಡಿದರು. ಬಣ್ಣ ನೋಡಲಿಲ್ಲ.

"ಹನ್ನೆರಡು," ಎಂದು ಬರೆದುಕೊಂಡರು. ಅದರ ಕೆಳಗೆ ಗುಲ್ಷನ್‌ಳ ಹೆಸರು ಬರೆದು, ಈ ವಿದ್ಯಾರ್ಥಿನಿಗೆ ಇನ್ನೂ ಅಭ್ಯಾಸ ಬೇಕು ಎಂದು ಸೇರಿಸಿದರು. ವಿಭಾಗ ಮುಂದುವರಿಸಬಹುದು ಎಂದು ಬರೆದದ್ದನ್ನು ಬಾಗಿಲಲ್ಲಿ ಮೇಡಂಗೆ ತೋರಿಸಿದರು. ಜೀಪು ಹೋದ ಮೇಲೆ ಮೇಡಂ ಬಂದು ಜಹನಾರಾಳ ಬೆನ್ನ ಮೇಲೆ ಕೈಯಿಟ್ಟರು. "ಕೊಳವೆ ತೊಳೆದಿಡು," ಎಂದಷ್ಟೇ ಹೇಳಿ ಒಳಗೆ ಹೋದರು.

ಸಂಜೆ ಗೇಟಿನ ಹತ್ತಿರ ಜಹನಾರಾ ರಿಮ್ಶಾಳನ್ನು ತಡೆದು ನಿಲ್ಲಿಸಿದಳು.

"ರಿಮ್ಶಾ, ಅದು ಏಳೇ ಇತ್ತು."

"ಏನು?"

"ನಿನ್ನ ರಕ್ತ. ಏಳೇ. ಅಮ್ಮನ್ನ ಕರ್ಕೊಂಡು ಆಸ್ಪತ್ರೆಗೆ ಹೋಗು. ನಾಳೇನೇ ಹೋಗು."

ರಿಮ್ಶಾ ಸೆರಗು ಸರಿಮಾಡಿಕೊಳ್ಳುತ್ತ ನಕ್ಕಳು. "ಸಾಹೇಬ್ರ ಮುಂದೆ ನೀನೇ ತಪ್ಪು ಅಂದ್ಯಲ್ಲ?"

"ಅದು ಸುಳ್ಳು ಹೇಳ್ದೆ."

"ಆವಾಗ ಸುಳ್ಳು, ಈವಾಗ ನಿಜ. ಎರಡು ಗಂಟೆ ಕೋಟು ಹಾಕ್ಕೊಂಡಿದ್ದಕ್ಕೇ ಇಷ್ಟಾ?" ರಿಮ್ಶಾಳ ನಗು ಸ್ವಲ್ಪ ಕಡಿಮೆಯಾಯಿತು. "ನೋಡು ಜಹನಾರಾ, ನಾನು ಎರಡನೇ ವರ್ಷದಲ್ಲಿದೀನಿ. ನಂದು ಹನ್ನೆರಡೂವರೆ, ಪುಸ್ತಕದಲ್ಲಿದೆ, ಮೇಡಂ ಸೈನೂ ಇದೆ. ನೀನು ಓದಿರೋದು ಎಂಟನೇ ಕ್ಲಾಸು."

"ಮೇಡಂನೇ ಕೇಳು."

"ಕೇಳ್ದೆ. ನಿನ್ ಕೈ ತಪ್ಪಿತ್ತು ಅಂದ್ರು."

ರಸ್ತೆಯ ಆ ಕಡೆ ಶಿವಾಜಿನಗರದ ಬಸ್ಸು ಬಂದು ನಿಂತಿತ್ತು. ರಿಮ್ಶಾ ಪುಸ್ತಕಗಳನ್ನು ಎದೆಗವಚಿಕೊಂಡು ಓಡಿದಳು. ರಸ್ತೆಯ ಅರ್ಧದವರೆಗೆ ಚೆನ್ನಾಗಿಯೇ ಓಡಿದಳು. ಅಲ್ಲಿಂದ ನಡೆದಳು. ಬಸ್ಸು ಹೊರಟುಹೋಯಿತು. ಅವಳು ಫುಟ್‌ಪಾತಿನ ಬಳೆ ಗಾಡಿಯ ಕಂಬ ಹಿಡಿದು, ಬಾಯಿ ತೆರೆದು, ತಲೆ ತಗ್ಗಿಸಿ ನಿಂತಳು. ಬಳೆಯವನು ಒಂದು ಡಜನ್ ಹಸಿರು ಬಳೆ ಎತ್ತಿ ಅವಳ ಮುಂದೆ ಹಿಡಿದ. ಅವಳು ಬೇಡವೆನ್ನಲಿಲ್ಲ, ಬೇಕೆನ್ನಲೂ ಇಲ್ಲ. ಹೋಗಿಬರುವವರಿಗೆ, ಹುಡುಗಿಯೊಬ್ಬಳು ಬಹಳ ಹೊತ್ತಿನಿಂದ ಬಳೆ ಆರಿಸುತ್ತಿರುವಂತೆ ಕಾಣುತ್ತಿತ್ತು.