ಯೆಣೆಗೂರಿನಿಂದ ಹೊರಟಿದ್ದಾರೆ

ಪಂಖದ ಸದ್ದು ಮತ್ತೆ ಏರಿತು, ಯಾರೋ ಮಠದ ವೆಬ್‌ಪುಟ ತೆರೆದಿರಬೇಕು, ನಿಲಂಗಾದವರೇ ಇರಬೇಕು — ಹಳೆಯ ಕಂಪ್ಯೂಟರಿನೊಳಗಿನ ಆ ಸಣ್ಣ ಪಂಖ ದಮ್ಮಿನವರ ಹಾಗೆ ಗೊರಗುಟ್ಟುತ್ತದೆ, ಅಂಗೈ ಇಟ್ಟರೆ ಬಿಸಿ, ಪರದೆಯ ಮೇಲೆ ಅದೇ ಸಾಲು, ಮಡಿವಾಳಯ್ಯ, ಯೆಣೆಗೂರಿನಿಂದ ನಿಲಂಗಾಕ್ಕೆ ಹೊರಟಿದ್ದಾರೆ — ಅಪ್ಪ ಬೆಳಿಗ್ಗೆ ಕಳಿಸಿದ ಸಂದೇಶ, ಈಗ ಹೊತ್ತು ವಾಲಿದೆ, ಅಪ್ಪನ ಫೋನು ಬಂದ್, ನಿಲಂಗಾದಲ್ಲಿ ಕಾಶೆಪ್ಪನ ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿದ್ದಾರೆ, ವಿಭೂತಿ ಹಚ್ಚಿದ್ದಾರೆ, ಹೂ ಹಾಕಿದ್ದಾರೆ, ಅಪ್ಪನಂಥ ಜಂಗಮ ಅಯ್ಯನವರು ಬಂದು ತಲೆಯ ಮೇಲೆ ಪಾದವಿಡದೆ ಆ ಮನೆಯವರು ಮಣ್ಣಿಗೆ ಎತ್ತುವುದಿಲ್ಲ, ಎತ್ತಿದರೆ ಹೊತ್ತು ಮುಳುಗುವುದರೊಳಗೆ ಎತ್ತಬೇಕು, ಕಾಶೆಪ್ಪನ ಮಗ ಧನರಾಜ ಮಧ್ಯಾಹ್ನವೇ ಫೋನು ಮಾಡಿ ಕೇಳಿದ್ದ, ಅಕ್ಕಾರ, ಅಪ್ಪಾರು ಎಲ್ಲಿಗಿ ಬಂದಾರ್ರೀ, ಇಲ್ಲೇ ಯಾರರೆ ಬ್ಯಾರೆ ಅಯ್ನೋರ್ನ ಕರೀಲೇನು, ನಾನು ಅಂದೆ, ಪೇಜ್ ನೋಡಿಲ್ಲೇನು, ಹೊಂಟಾರ ಅಂತ ಅದ ಅಲ್ಲ, ಬರ್ತಾರ — ಎಷ್ಟು ನೆಮ್ಮದಿಯಿಂದ ಅಂದೆ, ಓದಿದವಳ ದನಿಯಲ್ಲಿ.

ನೆಮ್ಮದಿ ಏಕಿರಬಾರದು, ನಾನೇ ಕಟ್ಟಿದ ಸರ್ವರ್, ಉದಗೀರದ ಈ ನಡುಮನೆಯ ಮೂಲೆಯಲ್ಲಿ ಒಂಟಿಯಾಗಿ ನಡೆಯುವ ಒಂದೇ ಒಂದು ಪ್ರೋಗ್ರಾಮು, ಡಿಸ್ಕಿನ ಮೇಲೆ ಒಂದಕ್ಷರವನ್ನೂ ಬರೆಯದ್ದು, ಮಠದ ಅಯ್ಯಗಳು ತಾವು ಎಲ್ಲಿದ್ದೇವೆಂದು ಸಂದೇಶ ಕಳಿಸಿದರೆ ಅದನ್ನು ಕರೆಂಟಿರುವವರೆಗೆ ಮೆಮೊರಿಯಲ್ಲಿ ಹಿಡಿದುಕೊಂಡು ಕೇಳಿದವರಿಗೆಲ್ಲ ತಟ್ಟನೆ ತೋರಿಸುವುದು, ಸತ್ತ ಮನೆಯವರು ಅಯ್ಯನನ್ನು ಹುಡುಕುತ್ತ ಊರೂರಿಗೆ ಫೋನು ಹಚ್ಚಬಾರದು ಎಂದು, ಅಪ್ಪ ನಕ್ಕಿದ್ದರು, ನಾ ಎಲ್ಲಿದ್ದೀನಿ ಅಂತ ನನಗಽ ಗೊತ್ತಿರಂಗಿಲ್ಲ, ನಿನ್ನ ಡಬ್ಬಿಗಿ ಗೊತ್ತಿರ್ತದ ನೋಡು — ಆಗ ಒಂದು ನಿಯಮವನ್ನೂ ಇಟ್ಟಿದ್ದೆ, ಎರಡು ತಾಸು ಹೊಸ ಸುದ್ದಿ ಬಾರದಿದ್ದರೆ ಹೆಸರು ತಾನಾಗಿಯೇ ಅಳಿದುಹೋಗಬೇಕು, ಹಳಸಿದ ಸುದ್ದಿಯನ್ನು ಹಿಡಿದಿಡಬಾರದು, ಲಾತೂರಿನ ಕಾಲೇಜಿನಲ್ಲಿ ಕಲಿತದ್ದೇ ಹಾಗೆ, ಮೊದಲ ವಾರವೇ ಅಪ್ಪನ ಹೆಸರು ಅಳಿಯಿತು, ಯಾರದೋ ಮನೆಯಲ್ಲಿ ಪ್ರಸಾದ ಮುಗಿಸಿ ಮಲಗಿಬಿಟ್ಟಿದ್ದರಷ್ಟೆ, ಅವ್ವ ರೊಟ್ಟಿಯ ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತಳು, ಅಯ್ಯನ ಹೆಸರು ಅಳಸೂದು ಲಿಂಗೈಕ್ಯ ಆದಮ್ಯಾಲ, ಮಠದ ಗ್ವಾಡಿ ಮ್ಯಾಲಿನ ಹಲಗಿ ನೋಡಿಲ್ಲೇನು ನೀ, ಜೀವಂತ ಇದ್ದವ್ರ ಹೆಸರು ಒರಸ್ತಾರೇನ, ಲಾತೂರದಾಗ ಇದಽ ಕಲತು ಬಂದೀಯೇನು — ಮಠದ ಹಿರಿಯರೂ ಅದನ್ನೇ ಅಂದರು, ಅಯ್ಯನ ಹೆಸರನ್ನು ಯಂತ್ರ ಅಳಿಸಕೂಡದು, ನಾನು ನಿಯಮ ಕಿತ್ತುಹಾಕಿದೆ, ಅವ್ವ ಸಿಹಿ ಸಜ್ಜಕ ಮಾಡಿ ಬಡಿಸಿದಳು. ಅಂದಿನಿಂದ ಇದರೊಳಗೆ ಹೋದ ಮಾತು ಹಾಗೇ ಇರುತ್ತದೆ, ನಿಜವೋ ಎಂದು ಇದು ಯಾರನ್ನೂ ಮರಳಿ ಕೇಳುವುದಿಲ್ಲ, ಇವತ್ತು ಕರೆಂಟು ಹೋಗಿತ್ತು, ಹೋದೊಡನೆ ಮೆಮೊರಿಯೆಲ್ಲ ಒರೆಸಿಹೋಗಬೇಕಿತ್ತು, ಪುಟ ಬರಿದಾಗಬೇಕಿತ್ತು, ಬರಿದಾಗಿದ್ದರೆ ಅವ್ವ ಬೊಬ್ಬಿಡುತ್ತಿದ್ದಳು, ಯೆಣೆಗೂರಿಗೆ ಫೋನು ಹೋಗುತ್ತಿತ್ತು, ಇನ್ವರ್ಟರ್ ಕಾಪಾಡಿಬಿಟ್ಟಿತು —

ಫೋನು, ಗುರುತಿಲ್ಲದ ನಂಬರು, ಅಕ್ಕಾ, ನಾ ಪಂಡಿತ ಮಾತಾಡ್ಲಾಕತ್ತೀನ್ರಿ, ಯೆಣೆಗೂರದಾಗ ಹೈವೇಕ್ಕ ಹತ್ತಿ ಧಾಬಾ ಅದ ನಂದು, ಅಯ್ನೋರ ಚೀಲದಾಗ ನಿಮ್ಮ ನಂಬರ ಸಿಕ್ತು, ಮುಂಜಾನಿಂದ ನಮ್ಮ ಧಾಬಾದ ಮುಂದಿನ ಕಟಗಿ ಬಾಕಿನ ಮ್ಯಾಲ ಕುಂತಿದ್ರು, ಚಾ ಕೊಟ್ಟೀವಿ, ಕುಡೀಲಿಲ್ಲ, ಮಾತಿಲ್ಲ, ನಾವು ಜಪಾ ನಡದದ ಅಂತ ತಿಳಕೊಂಡೀವ್ರಿ, ಮಧ್ಯಾನ ಮಟ ಕೈ ಆಡಸ್ತಿದ್ರು, ಈಗ ನೋಡಿದ್ರ — ಅವನ ಹಿಂದೆ ಲಾರಿಯೊಂದು ಹಾದುಹೋಯಿತು — ಡಾಕ್ಟರ್ ಬಂದು ನೋಡಿದ್ರು, ಮುಗದದರಿ, ಕುಂತಲ್ಲೇ. ಯಾವ ಕೈ, ಎಂದು ಕೇಳಿದೆ, ಅದನ್ನೇಕೆ ಕೇಳಿದೆ, ಎಡಗೈರೀ, ಬಲಗೈ ಚೀಲದ ಮ್ಯಾಲ ಹಂಗೇ ಬಿದ್ದಿತ್ತು. ಹಾಗಾದರೆ ಲಕ್ವ ಹೊಡೆದಿತ್ತು, ಬಲಗಡೆ ಸತ್ತಿತ್ತು, ನಾಲಿಗೆ ಸತ್ತಿತ್ತು, ಎಡಗೈ ಒಂದು ಉಳಿದಿತ್ತು, ನಾನು ಧನರಾಜನಿಗೆ ಬರ್ತಾರ ಎನ್ನುವಾಗ ಆ ಕೈ ಆಡುತ್ತಿತ್ತು, ಎರಡು ತಾಸು ಎಂಬ ಆ ಒಂದು ಸಾಲು ಇದ್ದಿದ್ದರೆ ಬೆಳಿಗ್ಗೆಯೇ ಹೆಸರು ಅಳಿಯುತ್ತಿತ್ತು, ಯೆಣೆಗೂರಿನಿಂದ ಉಮರ್ಗಾದ ಆಸ್ಪತ್ರೆ ಎಷ್ಟು ದೂರ, ಏನೂ ದೂರವಿಲ್ಲ. ಧನರಾಜನಿಗೆ ತಿಳಿಸಬೇಕು, ಬೇರೆ ಅಯ್ಯನನ್ನು ಕರೆಸಿರೆಂದು, ಅಲ್ಲಿ ಒಬ್ಬರು ಕೂತು ಕಾಯುತ್ತಿದ್ದಾರೆ, ಇಲ್ಲಿ — ದಾನೇಶ್ವರಿ, ಅಡುಗೆಮನೆಯಿಂದ ಅವ್ವ, ಎಲ್ಲಿಗಿ ಬಂದಾರಂತ, ನನ್ನ ಫೋನದಾಗ ಇನ್ನಾ ಹೊಂಟಾರ ಅಂತನಽ ಅದ, ಬಸ್ಸ ಬಿಟ್ಟು ಕುಂತಿರಬೇಕು, ನಿಮ್ಮಪ್ಪಗ ಬಸ್ಸಿಗಿ ಕೈ ಮಾಡ್ಲಾಕೂ ನಾಚಿಕಿ. ಪಂಖದ ಸದ್ದು ಏರಿತು, ಮತ್ತೆ ಯಾರೋ ಕೇಳುತ್ತಿದ್ದಾರೆ, ಹೊರಟಿದ್ದಾರೆ ಎಂದು ಇದು ಹೇಳುತ್ತಿದೆ, ಈಗ ಅಳಿಸಬಹುದು, ಈಗ ಯಾರೂ ಬೇಡವೆನ್ನುವುದಿಲ್ಲ, ಒಂದು ಕೀಲಿ ಒತ್ತಿದರೆ ಸಾಕು, ಅವ್ವನ ಫೋನಿನಲ್ಲೂ ಹೋಗುತ್ತದೆ, ಅವಳು ನೋಡುತ್ತಿರುವಾಗಲೇ ಹೋಗುತ್ತದೆ — ಬೆರಳು ಇಳಿಯುತ್ತಿಲ್ಲ, ಧಾಬಾದ ಮುಂದಿನ ಬಾಕು, ಮಡಿಲಲ್ಲಿ ಚೀಲ, ರಸ್ತೆಯ ಕಡೆಗೆ ಆಡುತ್ತಿರುವ ಎಡಗೈ, ಬಸ್ಸೊಂದು ನಿಧಾನಿಸುತ್ತದೆ, ಜನ ಇಳಿಯುತ್ತಾರೆ, ಬಸ್ಸು ಹೋಗುತ್ತದೆ, ಎಡಗೈ, ಇನ್ನೊಂದು ಬಸ್ಸು, ಎಡಗೈ, ಇನ್ನೂ ಆಡುತ್ತಿರುವ ಆ ಎಡಗೈ