ಆರುನೂರರ ಸಾಲು

"ನಾನು ಸಿನಿಮಾ ನೋಡ್ತಿದ್ದೆ ಅಂತ ಬರೆದಿದೀರಲ್ಲ, ಯಾವ ಸಿನಿಮಾ ಸಾರ್? ಹೆಸರಾದ್ರೂ ಹೇಳಿ, ನಾನೂ ತಿಳ್ಕೊಂತೀನಿ!"

ಜಯರಾಮು ಮೇಜಿಗೆ ಗುದ್ದಿದ ರಭಸಕ್ಕೆ ಟೀ ಲೋಟ ಉರುಳಿತು. ಎದುರಿಗೆ ಕೂತಿದ್ದ ಯುವರಾಜ್ ಲೋಟ ಎತ್ತಿಟ್ಟು, ಹಳೇ ಪೇಪರಿನಿಂದ ಮೇಜು ಒರೆಸಿದ. ಶಿರಾ ಕಡೆಯ ಹುಡುಗ, ಇಂಜಿನಿಯರು. ಜಯರಾಮುಗಿಂತ ಇಪ್ಪತ್ತು ವರ್ಷ ಚಿಕ್ಕವನು, ಆದರೆ ಹುದ್ದೆಯಲ್ಲಿ ಮೇಲಿನವನು.

"ಸಿನಿಮಾ ಅಂತ ಬರೆದಿಲ್ಲ ಜಯರಾಮಣ್ಣ. ಆಪರೇಟರು ಕಂಪ್ಯೂಟರನ್ನ ಬೇರೆ ಕೆಲಸಕ್ಕೆ ಬಳಸಿರಬಹುದು ಅಂತ ಬರೆದಿದೀನಿ."

"ಕತ್ತೆ ಅನ್ನಲಿಲ್ಲ, ಗಾರ್ದಭ ಅಂದೆ ಅಂದಂಗಾಯ್ತು ಬುಡಿ."

ಕ್ಯಾತಗಾನಚೆರ್ಲು ಹತ್ತಿರದ ಆ ಸೋಲಾರ್ ಪ್ಲಾಂಟಿನ ಕಂಟ್ರೋಲ್ ರೂಮಿನಲ್ಲಿ ಮೂರು ವಾರದಿಂದ ಒಂದೇ ತಕರಾರು. ಹಿಂದಿನ ಕೋಣೆಯಲ್ಲಿ, ಗೋಡೆ ಪಕ್ಕದ ಹಲಗೆ ಮೇಲೆ, ಇಟ್ಟಿಗೆ ಗಾತ್ರದ ಒಂದು ಕಂಪ್ಯೂಟರ್ ಪೆಟ್ಟಿಗೆ ಇತ್ತು. ಬಯಲಿನ ಮೂಲೆಮೂಲೆಯಿಂದ ಎಷ್ಟು ವಿದ್ಯುತ್ ಬಂತು ಅನ್ನೋದನ್ನ ಕೂಡಿಸಿ, ಐದೈದು ನಿಮಿಷಕ್ಕೊಮ್ಮೆ ಹೆಡ್ಡಾಫೀಸಿಗೆ ಕಳಿಸುವುದು ಅದರ ಕೆಲಸ. ಬೆಳಿಗ್ಗೆ ಸರಿಯಾಗಿ ಕಳಿಸುತ್ತಿತ್ತು. ಹನ್ನೊಂದಾದ ಮೇಲೆ ಎತ್ತಿನ ಗಾಡಿ. ಐದು ನಿಮಿಷದ್ದು ಅರ್ಧ ಗಂಟೆಗೆ ಹೋಗುತ್ತಿತ್ತು. ನಾಲ್ಕರ ನಂತರ ಮತ್ತೆ ಸರಿಹೋಗುತ್ತಿತ್ತು. ಹೆಡ್ಡಾಫೀಸಿನವರು ಕಾರಣ ಕೇಳಿದರು. ಯುವರಾಜ್ ಏನೋ ಒಂದು ಬರೆದ. ಸೋಮವಾರದಿಂದ ಜಯರಾಮು ಹುಲ್ಲು ಕೊಯ್ಯುವ ಗುಂಪಿಗೆ ಹೋಗಬೇಕು ಅಂತ ಉತ್ತರ ಬಂತು.

ಹುಲ್ಲು ಕೊಯ್ಯೋದು ಜಯರಾಮುಗೆ ಗೊತ್ತಿಲ್ಲದ್ದೇನಲ್ಲ. ಆದರೆ ಈ ಆಪರೇಟರ್ ಕುರ್ಚಿಗೆ ಅವನು ಸುಮ್ಮನೆ ಬಂದವನಲ್ಲ. ಊರ ಸ್ಕೂಲಿನಲ್ಲಿ ಹತ್ತನೇ ಕ್ಲಾಸು ಮುಗಿಸಿ, ಜಮೀನು ಗುತ್ತಿಗೆಗೆ ಹೋದ ಮೇಲೆ ವಾಚ್‌ಮನ್ ಆಗಿ ಸೇರಿದವನು. ಬಂದುಹೋಗುವ ಇಂಜಿನಿಯರುಗಳ ಬೆನ್ನ ಹಿಂದೆ ನಿಂತು, ಅವರು ಟೈಪು ಮಾಡಿದ್ದನ್ನು ಕ್ಯಾಲೆಂಡರಿನ ಹಿಂಬದಿಗೆ ಬರೆದುಕೊಂಡು, ಅವರು ಹೋದ ಮೇಲೆ ತಾನೂ ಟೈಪು ಮಾಡಿ, ಎರಡು ಸಲ ಮಿಷನ್ನು ಕೆಡಿಸಿ, ತಾನೇ ರಿಪೇರಿ ಮಾಡಿ ಕಲಿತವನು. ಈಗ ಇವನು ಸೋಮವಾರ ಕುಡುಗೋಲು ಹಿಡಿದು ಹೋದರೆ ಊರು ನಗದೆ ಬಿಡುತ್ತದೆಯೇ?

"ನೋಡಿ ಸಾರ್," ಅಂದ. "ತಪ್ಪು ಯಾರು ಮಾಡವ್ರೋ ಕಂಡುಹಿಡಿಯಾನ. ಅವರ ಹೆಸ್ರು ಬರೀರಿ. ಅದು ನಮ್ಮಪ್ಪಂದೇ ಆಗ್ಲಿ, ಬರೀರಿ. ನಾನು ತುಟಿ ಬಿಚ್ಚಿದ್ರೆ ಕೇಳಿ."

"ಹೆಂಗೆ ಕಂಡುಹಿಡೀತೀರಿ?"

"ಕರ್ನಲ್ಲನ್ನೇ ಕೇಳ್ತೀನಿ."

ಕೀಬೋರ್ಡು ಎಳೆದುಕೊಂಡು ಎರಡು ಬೆರಳಲ್ಲಿ ಕುಟ್ಟಿದ. ಪರದೆ ಮೇಲೆ ನಾಲ್ಕು ಸಾಲು ಬಂದವು. ಪ್ರೊಸೆಸರು ಯಾವ ವೇಗದಲ್ಲಿ ಎಷ್ಟು ಹೊತ್ತು ಓಡಿತು ಅನ್ನೋದನ್ನ, ಕಂಪ್ಯೂಟರನ್ನು ಒಳಗಿಂದ ನಡೆಸುವ ಕರ್ನಲ್ಲು ಅನ್ನೋ ಮೂಲ ಪ್ರೋಗ್ರಾಮು ಯಾರೂ ಹೇಳದಿದ್ದರೂ ಎಣಿಸಿಡುತ್ತದೆ. ಆ ಪೆಟ್ಟಿಗೆಗೆ ಇದ್ದದ್ದು ನಾಲ್ಕು ವೇಗ. ಆರುನೂರು, ಒಂಬೈನೂರು, ಸಾವಿರದ ಇನ್ನೂರು, ಸಾವಿರದ ಐನೂರು ಮೆಗಾಹರ್ಟ್ಸ್. ಹೊರೆ ಬಿದ್ದರೆ ಮೇಲಿನದಕ್ಕೆ ಏರಬೇಕು, ಕೆಲಸವಿಲ್ಲದಿದ್ದರೆ ಆರುನೂರಕ್ಕೆ ಇಳಿಯಬೇಕು. ಬಸ್ಸಿನ ಗೇರು ಇದ್ದಂತೆ. ಆರುನೂರರ ಸಾಲಿನ ಎದುರು ಉದ್ದುದ್ದ ಅಂಕಿ ಇತ್ತು. ಉಳಿದ ಮೂರೂ ಕೂಡಿದರೂ ಅದಕ್ಕೆ ಸಮನಾಗುತ್ತಿರಲಿಲ್ಲ.

"ನೋಡಿದ್ರಾ? ನಾನು ಸಿನಿಮಾ ಹಾಕಿದ್ರೆ ಇದು ಸಾವಿರದ ಐನೂರರಾಗೆ ಓಡ್ಬೇಕಿತ್ತು. ಓಡೈತಾ?"

ಯುವರಾಜ್ ಬಗ್ಗಿ ನೋಡಿದ. "ಇದಕ್ಕೆ ಇನ್ನೊಂದು ಅರ್ಥನೂ ಇದೆ ಜಯರಾಮಣ್ಣ. ಪ್ರೋಗ್ರಾಮು ನಿಲ್ಲಿಸಿಬಿಟ್ಟು ಮಲಗಿದ್ರೂ ಆರುನೂರರಲ್ಲೇ ಇರುತ್ತೆ."

"ಮಲಗಿದ್ನಾ? ನಾನಾ?" ಜಯರಾಮು ಎದ್ದು ನಿಂತ. ಬೈಗುಳ ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡು ಮತ್ತೆ ಕೂತ. "ಆಯ್ತು. ಹಳೇದೆಲ್ಲ ಅಳಿಸ್ಬುಡ್ತೀನಿ. ನಿಮ್ಮ ಕಣ್ಣೆದುರಿಗೇ ಸೊನ್ನೆಯಿಂದ ಎಣಿಸ್ಲಿ."

"ಅಳಿಸಿದ್ರೆ ನಿಮ್ಮ ಸಾಕ್ಷಿನೇ ಹೋಗುತ್ತೆ."

"ಹೋಗ್ಲಿ. ಸತ್ಯ ಇದ್ರೆ ಇನ್ನೊಂದ್ಸಲ ಹುಟ್ತೈತೆ."

ರಿಸೆಟ್ ಅನ್ನೋ ಫೈಲಿಗೆ ಒಂದು ಅಂತ ಬರೆದ. ಮೂರು ವಾರದ ಎಣಿಕೆ ಕಣ್ಣು ಮಿಟುಕಿಸುವಷ್ಟರಲ್ಲಿ ಸೊನ್ನೆಯಾಯಿತು. ಆಮೇಲೆ ಇಡೀ ತಿಂಗಳ ಅಂಕಿಯನ್ನು ಮೊದಲಿಂದ ಕೂಡು ಅಂತ ಪೆಟ್ಟಿಗೆಗೆ ಹೇಳಿದ. ಅದರ ಬೆನ್ನು ಮುರಿಯುವಷ್ಟು ಕೆಲಸ. ಆಗ ಮಧ್ಯಾಹ್ನ ಹನ್ನೆರಡೂವರೆ.

ಇಬ್ಬರೂ ನೋಡುತ್ತ ಕೂತರು. ಆರುನೂರರ ಸಾಲಿನ ಅಂಕಿ ಏರತೊಡಗಿತು. ಸಾವಿರದ ಐನೂರರ ಸಾಲು ಒಂದಿಷ್ಟು ಕದಲಿ ಅಲ್ಲೇ ನಿಂತುಬಿಟ್ಟಿತು. ಹತ್ತು ನಿಮಿಷವಾಯಿತು. ಯುವರಾಜ್ ಕುರ್ಚಿ ಮುಂದಕ್ಕೆ ಜರುಗಿಸಿದ.

"ಹೊರೆ ಪೂರ್ತಿ ಇದೆ," ಅಂದ. "ಆದ್ರೂ ವೇಗ ಏಳ್ತಿಲ್ಲ."

"ಅದನ್ನೇ ನಾನು ಬಡ್ಕೊಂತಿರೋದು!"

"ಬಿಸಿ ಜಯರಾಮಣ್ಣ. ವಿಪರೀತ ಬಿಸಿಯಾದ್ರೆ ಸುಟ್ಟುಹೋಗಬಾರದು ಅಂತ ತಾನೇ ಓಟ ತಗ್ಗಿಸ್ಕೊಳ್ಳುತ್ತೆ. ಆದರೆ ಹಿಂದಿನ ರೂಮಲ್ಲಿ ಎಸಿ ಇದೆಯಲ್ಲ, ಹೆಂಗೆ ಬಿಸಿಯಾಗುತ್ತೆ?"

ಜಯರಾಮು ಆಗಲೇ ಎದ್ದಿದ್ದ. ಹಿಂದಿನ ಕೋಣೆಗೆ ಬೆಳಿಗ್ಗೆ ಒಂದು ಸಲ ಹೋಗಿ ಪೆಟ್ಟಿಗೆಯ ದೀಪ ಉರಿಯುತ್ತಿದೆಯೇ ನೋಡಿ ಬಂದರೆ ಆಯಿತು, ಮತ್ತೆ ಅತ್ತ ಹೋಗುವ ಕೆಲಸವಿರಲಿಲ್ಲ. ಬಾಗಿಲಿಗೆ ನೋಟೀಸು ಅಂಟಿಸಿತ್ತು: ಆಪರೇಟರ್ ಬಿಟ್ಟು ಬೇರೆ ಯಾರೂ ಯಂತ್ರ ಮುಟ್ಟಕೂಡದು. ಬಾಗಿಲು ತಳ್ಳಿದ.

ಮೂಲೆಯಲ್ಲಿ ಅವನ ಅಕ್ಕ ನಾಗಕ್ಕ ಕಾಲು ನೀಡಿ ಕೂತು ಬುತ್ತಿ ಬಿಚ್ಚಿದ್ದಳು. ಮುದ್ದೆ, ಹುರುಳಿ ಸಾರು. ಹಲಗೆ ಮೇಲೆ ಪೆಟ್ಟಿಗೆ ಕಾಣಲಿಲ್ಲ. ಅದಿದ್ದ ಜಾಗದಲ್ಲಿ ನಾಲ್ಕು ಮಡಿಕೆಯ ಕರಿ ಕಂಬಳಿ ಇತ್ತು, ಮಗುವಿಗೆ ಹೊದಿಸಿದಂತೆ ಸುತ್ತಲೂ ಅಂಚು ಒಳಗೆ ಸೇರಿಸಿ.

ಜಯರಾಮು ಕಂಬಳಿಯ ಮೇಲೆ ಅಂಗೈ ಇಟ್ಟ. ರೊಟ್ಟಿ ಹೆಂಚಿನಂತೆ ಕಾದಿತ್ತು.

"ಯಾರಕ್ಕಾ ಇದನ್ನ ಹೊದ್ಸಿದ್ದು?"

"ನಾನೇ ಕಣ್ಲಾ. ಇನ್ಯಾರು ಹೊದಿಸ್ತಾರೆ?" ನಾಗಕ್ಕ ತುತ್ತು ನುಂಗಿದಳು. "ಹನ್ನೊಂದಾದ್ರೆ ಪ್ಯಾನಲ್ಲು ತೊಳೆಯೋ ನೀರಿನ ಟ್ಯಾಂಕರು ಓಡಾಡಕ್ಕೆ ಹತ್ತುತ್ತೆ, ಕೆಂಧೂಳು ಕಿಟಕಿ ಸಂದಿನಿಂದ ನುಗ್ತದೆ. ನೀನೇ ಹೇಳಿದ್ದಲ್ಲೇನ್ಲಾ, ಅಕ್ಕಾ, ಈ ಪೆಟ್ಟಿಗೆಗೆ ಧೂಳು ಬಿದ್ರೆ ನನ್ನ ಕೆಲ್ಸ ಹೋಯ್ತು ಅಂತ? ಮನೆಗೋಗೋವಾಗ ನಾಲ್ಕಕ್ಕೆ ತೆಗೀತೀನಿ. ನೋಡು, ಒಂದು ಚೂರು ಧೂಳೈತಾ?"

ಅವಳು ಕಸ ಹೊಡೆಯಲು ಸೇರಿ ಮೂರು ವಾರವಾಗಿತ್ತು. ಕುರಿ ಮೇಯಿಸುವ ಬೀಳು ನೆಲವೆಲ್ಲ ಸೋಲಾರ್ ಪ್ಯಾನಲ್ಲುಗಳ ಕೆಳಗೆ ಹೋದ ಮೇಲೆ ಮಂದೆ ಮಾರಿದ್ದಳು. ಕಂಬಳಿಯೊಂದನ್ನು ಉಳಿಸಿಕೊಂಡಿದ್ದಳು. ಕೆಲಸಕ್ಕೆ ಸೇರಿಸಿದವನೂ ಜಯರಾಮುವೇ. ಅವನು ಸ್ಕೂಲಿಗೆ ಹೋಗುತ್ತಿದ್ದ ಹತ್ತು ವರ್ಷ ಮಂದೆಯ ಹಿಂದೆ ಹೋದವಳು ಅವಳು. ಆಗ ಕುರಿ ಮರಿ ಹಾಕಿದರೆ ಆ ಹಸೀ ಮರಿಗೆ ಇದೇ ರೀತಿ, ಅಂಚು ಒಳಗೆ ಸೇರಿಸಿ ಹೊದಿಸುತ್ತಿದ್ದಳು.

ಕಂಬಳಿ ಎತ್ತಿ ಮೂಲೆಗೆ ಎಸೆದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಪೆಟ್ಟಿಗೆ ತಣ್ಣಗಾಗುತ್ತಿತ್ತು. ಕಾರಣ ಗೊತ್ತಾಗಲಿಲ್ಲ ಸಾರ್ ಅಂದಿದ್ದರೆ ಅವಳ ಹೆಸರು ಯಾರ ಬಾಯಿಗೂ ಬರುತ್ತಿರಲಿಲ್ಲ. ಅವನು ಸೋಮವಾರ ಹುಲ್ಲು ಕೊಯ್ಯಲು ಹೋಗುತ್ತಿದ್ದ, ಅಷ್ಟೇ. ಇದೆಲ್ಲ ಅವನಿಗೆ ಹೊಳೆಯಿತು.

"ಏನಾಯ್ತು ಜಯರಾಮಣ್ಣ? ಫ್ಯಾನ್ ನಿಂತಿದ್ಯಾ?" ಮುಂದಿನ ಕೋಣೆಯಿಂದ ಯುವರಾಜ್ ಕೂಗಿದ. ದನಿಯಲ್ಲಿ ಸಣ್ಣ ನಗು ಇದ್ದಂತಿತ್ತು.

ಆ ನಗುವೇ ಸಾಕಾಯಿತು. ಜಯರಾಮು ಕಂಬಳಿ ಕಿತ್ತುಕೊಂಡು ಹೋಗಿ ಮೇಜಿನ ಮೇಲೆ ಒಗೆದ. "ನೋಡ್ರಿ! ಇದು ನಿಮ್ಮ ಸಿನಿಮಾ! ಇದು ನಾನು ಮಲಗಿದ್ದು! ದಿನಾ ಹನ್ನೊಂದರಿಂದ ನಾಲ್ಕರವರೆಗೆ ಪೆಟ್ಟಿಗೆ ಉಸಿರು ಕಟ್ಟಿಸವ್ರೆ. ಬುದ್ಧಿ ಇಲ್ಲದ ಜನ. ಕುರಿ ಕಾಯೋರನ್ನ ತಂದು ಮಿಷನ್ ಮುಂದೆ ಬುಟ್ರೆ ಇನ್ನೇನಾಗ್ತೈತೆ!"

ನಾಗಕ್ಕ ಎಂಜಲು ಕೈಯಲ್ಲೇ ಬಾಗಿಲಿಗೆ ಬಂದು ನಿಂತಿದ್ದಳು.

ಯುವರಾಜ್ ಕಂಬಳಿ ನೋಡಿದ, ಅವಳನ್ನು ನೋಡಿದ. ನಗು ಹೋಗಿತ್ತು. "ನೀವೇನಮ್ಮಾ? ಬಾಗಿಲ ಮೇಲೆ ಬರೆದಿದೆಯಲ್ಲ..." ಅಂದವನು ತಡೆದು, "ಓದೋಕೆ ಬರಲ್ವೇನೋ," ಅಂದ. ಜಯರಾಮು ಕಡೆ ತಿರುಗಿದ. "ನಿಮ್ಮದೇನೂ ತಪ್ಪಿಲ್ಲ ಅಂತ ಇವತ್ತೇ ಕಳಿಸ್ತೀನಿ. ಆದ್ರೆ ಯಾರು ಮುಟ್ಟಿದ್ದು ಅಂತ ಕೇಳ್ತಾರೆ. ಹೆಸರು ಬರೀಬೇಕಾಗುತ್ತೆ. ಬರೀಲಾ?"

ಜಯರಾಮು ಪರದೆ ನೋಡಿದ. ಸಾವಿರದ ಐನೂರರ ಸಾಲು ಆಗಲೇ ಏಳತೊಡಗಿತ್ತು. ಅವನು ತುಟಿ ಬಿಚ್ಚಲಿಲ್ಲ.

"ಬರ್ಕೋ ಸಾಮಿ," ಅಂದಳು ನಾಗಕ್ಕ. "ನಾಗಕ್ಕ ಅಂತ. ಗಂಡ ಕದಿರಯ್ಯ."

ನಲ್ಲಿಗೆ ಹೋಗಿ ಕೈ ತೊಳೆದು ಬಂದಳು. ಕೊರಳಿನ ಗುರುತಿನ ಚೀಟಿ ತೆಗೆದು ಕೀಬೋರ್ಡಿನ ಪಕ್ಕ ಇಟ್ಟಳು. ಕಂಬಳಿ ಎತ್ತಿ ಒಂದು ಸಲ ಒದರಿ, ಮಡಿಸಿ ಹೆಗಲಿಗೆ ಹಾಕಿಕೊಂಡಳು. ತಮ್ಮನ ಮುಂದೆ ಬಂದು ನಿಂತಳು.

"ಏಮಿರಾ ಜಯರಾಮಾ," ಅಂದಳು. "ಆ ಕುರಿ ಕಾದದ್ದಕ್ಕೇ ನೀನು ಈ ಅಕ್ಷರ ಓದ್ತಿರೋದು."

ಮೆಟ್ಟಿಲಿಳಿದು ಪ್ಯಾನಲ್ ಸಾಲುಗಳ ನಡುವಿನ ಕೆಮ್ಮಣ್ಣಿನ ದಾರಿ ಹಿಡಿದಳು. ಎದುರಿಗೆ ಬಂದ ಟ್ಯಾಂಕರಿಗೆ ಪಕ್ಕಕ್ಕೆ ಸರಿದು ದಾರಿ ಕೊಟ್ಟಳು. ಧೂಳು ಎದ್ದಿತು. ಇಳಿದಾಗ ದಾರಿ ಬರಿದಾಗಿತ್ತು.

"ಬುತ್ತಿ ಇಲ್ಲೇ ಬಿಟ್ಟಿದಾರೆ, ಬರ್ತಾರೆ ಬಿಡಿ," ಅಂದ ಯುವರಾಜ್.

ನಾಲ್ಕಾಯಿತು, ಬರಲಿಲ್ಲ. ಮರುದಿನ ಕಂಟ್ರಾಕ್ಟರು ಬೇರೊಬ್ಬಳನ್ನು ಕಳಿಸಿದ. ಹೊಸಬಳು ನೋಟೀಸು ಓದಿ ಹಿಂದಿನ ಕೋಣೆಯ ಹೊಸ್ತಿಲನ್ನೂ ದಾಟಲಿಲ್ಲ. ಸೋಮವಾರ ಜಯರಾಮು ಅದೇ ಕುರ್ಚಿಯಲ್ಲಿ ಕೂತ. ಐದೈದು ನಿಮಿಷಕ್ಕೆ ಸರಿಯಾಗಿ ಅಂಕಿ ಹೋಗುತ್ತಿತ್ತು. ಹೆಡ್ಡಾಫೀಸಿನಿಂದ ಮೆಚ್ಚುಗೆಯ ಮೆಸೇಜು ಬಂತು.

ಹನ್ನೊಂದಕ್ಕೆ ಟ್ಯಾಂಕರು ಓಡಾಡತೊಡಗಿತು. ಅವನು ಎದ್ದು ಹಿಂದಿನ ಕೋಣೆಗೆ ಹೋದ. ಪೆಟ್ಟಿಗೆಯ ಮೇಲೆ ಕೆಂಪು ಧೂಳು ತೆಳ್ಳಗೆ ಕೂತಿತ್ತು. ನಡುವೆ ಶುಕ್ರವಾರ ಅಕ್ಕ ಇಟ್ಟಿದ್ದ ಕುಂಕುಮದ ಬೊಟ್ಟು. ಹೆಗಲ ಟವೆಲು ತೆಗೆದು, ಬೊಟ್ಟಿಗೆ ತಾಗದಂತೆ, ಸುತ್ತಲೂ ಒರೆಸಿದ. ಟವೆಲು ಮಡಿಸುವಷ್ಟರಲ್ಲಿ ಧೂಳು ಮತ್ತೆ ಬಂದು ಕೂತಿತು.